ಬಾರಿಸಿ ನೋಡಿದ ಗಂಟೆ

"ಆ ಕ್ರಿಮಿಗೆ ಧೈರ್ಯ ಇದ್ದರೆ ಈ ಮನೆ ಹೊಸ್ತಿಲು ದಾಟಲಿ, ಆಮೇಲೆ ನಾನು ನೋಡ್ಕೋತೀನಿ!" ಎಂದು ಅಲಾರಂ ಅಣ್ಣ ಹಾಲ್‌ನ ನಡುವೆ ನಿಂತು ಘೋಷಿಸಿದಾಗ ಚಪ್ಪಾಳೆ ತಟ್ಟಲು ಮನೆಯಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಹೆಂಡತಿ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು, ಫೋನಿನ ಎದುರು ಕೂತು, ಒಂದು ತರಗತಿಯಷ್ಟು ಮಕ್ಕಳಿಗೆ ಭಿನ್ನರಾಶಿ ಕಲಿಸುತ್ತಿದ್ದಳು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಖಾಲಿ ಬೀದಿ ನೋಡುತ್ತಿದ್ದ ಅತ್ತೆಯೊಬ್ಬರೇ ಕೇಳಿಸಿಕೊಂಡದ್ದು. "ದಾಟೋ ಮುಂಚೆ ಅದು ನಿಮ್ಮನ್ನ ಕೇಳಿಕೊಂಡು ದಾಟುತ್ತಾ ಅಳಿಯಂದಿರೇ?" ಎಂದು ಹೇಳಿ ಅವರು ಮತ್ತೆ ಬೀದಿಯ ಕಡೆ ತಿರುಗಿದರು.

ಅಲಾರಂ ಅಣ್ಣ ಎಂಬುದು ಅವನ ಹೆಸರಲ್ಲ, ಅವನ ಕಸುಬು ಅವನಿಗೆ ಅಂಟಿಸಿದ ಬಿರುದು. ದೊಡ್ಡ ಕಟ್ಟಡಗಳ ಚಾವಣಿಯಲ್ಲಿ ಹೊಗೆ ಕಂಡೊಡನೆ ಬಡಿದುಕೊಳ್ಳುವ ಗಂಟೆ ಇರುತ್ತದಲ್ಲ, ಅದು ಸರಿಯಾಗಿದೆಯೇ ಎಂದು ನೋಡುವುದು ಅವನ ಕೆಲಸ. ಮೊದಲು ಕೈಯಲ್ಲಿ ಮೆಗಾಫೋನ್ ಹಿಡಿದು, "ಇದು ಬರೀ ಪರೀಕ್ಷೆ, ಯಾರೂ ಓಡಬೇಡಿ" ಎಂದು ಮಹಡಿ ಮಹಡಿಗೂ ಸಾರುವನು. ಆಮೇಲೆ ಏಣಿ ಹತ್ತಿ ಗಂಟೆಯ ಮೂತಿಗೆ ಬತ್ತಿಯ ಹೊಗೆ ತೋರಿಸುವನು. ಬಡಿದುಕೊಂಡರೆ ಪಾಸು, ಸುಮ್ಮನಿದ್ದರೆ ಫೇಲು. ಬಾರಿಸಿ ನೋಡದೆ ಯಾವ ಗಂಟೆಯನ್ನೂ ನಂಬಬಾರದು ಎಂಬುದು ಅವನ ವೇದವಾಕ್ಯ. ಹೇಳದೆ ಕೇಳದೆ ಗಂಟೆ ಬಾರಿಸಿ ಜನರನ್ನು ಮೆಟ್ಟಿಲ ಮೇಲೆ ಓಡಿಸುವವರನ್ನು ಕಂಡರೆ ಅವನ ಪಿತ್ತ ನೆತ್ತಿಗೇರುತ್ತಿತ್ತು. ಮದುವೆಯ ಮಾತುಕತೆಯಲ್ಲಿ ಮಾವ, ಗಂಟೆ ಬಾರಿಸುವವನಿಗೆ ಮಗಳನ್ನು ಕೊಡುವುದೇ ಎಂದು ಮೂಗು ಮುರಿದಾಗ, ಅತ್ತೆ ಒಳಗಿನಿಂದ ಬಂದು, "ಬಾರಿಸಿದರೆ ಬಾರಿಸಲಿ, ಸುಳ್ಳು ಬಾರಿಸೋ ಮನುಷ್ಯ ಅಲ್ಲ ತಾನೆ?" ಎಂದು ಆ ವಿಷಯವನ್ನು ಅಲ್ಲಿಗೇ ಮುಗಿಸಿದ್ದರು. ಆ ಮಾತನ್ನು ಅವನು ಇನ್ನೂ ಮರೆತಿರಲಿಲ್ಲ.

ಈಗ ಆ ಅತ್ತೆಯ ಶ್ವಾಸಕೋಶವೇ ಅವನ ನಿದ್ದೆಗೆಡಿಸಿತ್ತು. ಹಿಂದೊಮ್ಮೆ ನ್ಯುಮೋನಿಯಾ ಬಂದು ಹೋದಮೇಲೆ ಅವರಿಗೆ ಮೂರು ಮೆಟ್ಟಿಲು ಹತ್ತಿದರೆ ಏದುಸಿರು. ಸಾದಾ ನೆಗಡಿಯನ್ನೂ ಹತ್ತಿರ ಬಿಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದರು. ಇದು ಸಾದಾ ನೆಗಡಿಯೇ? ಲಾಕ್‌ಡೌನಿನಿಂದ ಕಟ್ಟಡಗಳಿಗೆಲ್ಲ ಬೀಗ ಬಿದ್ದು ಅವನ ಏಣಿ ಉಗ್ರಾಣದ ಮೂಲೆ ಸೇರಿತ್ತು. ಬೀದಿಯಲ್ಲಿ ಆಂಬುಲೆನ್ಸ್ ಬಿಟ್ಟರೆ ಬೇರೆ ಗಾಡಿಯಿಲ್ಲ. ಅದರ ಸದ್ದು ಹತ್ತಿರ ಬಂದಾಗಲೆಲ್ಲ ಅವನು ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಕಿವಿಗೊಡುತ್ತಿದ್ದ. ಮನೆ ದಾಟಿ ಮುಂದೆ ಹೋಯಿತು ಎಂದರೆ ನೆಮ್ಮದಿ, ನೆಮ್ಮದಿಯಾಯಿತಲ್ಲ ಎಂದು ನಾಚಿಕೆ.

ಹೆದರಿದ ಮನುಷ್ಯ ಕೈಕಟ್ಟಿ ಕೂರುತ್ತಾನೆಯೇ? ಪಾರ್ಸೆಲ್ ಮೇಲೆ ಪಾರ್ಸೆಲ್ ಬರತೊಡಗಿತು. ಹಣೆಗೆ ಗುರಿಯಿಟ್ಟು ಜ್ವರ ಅಳೆಯುವ ಪಿಸ್ತೂಲು ಬಂತು. ಕಾಲಲ್ಲಿ ತುಳಿದರೆ ಕೈಗೆ ಸ್ಯಾನಿಟೈಸರ್ ಉಗುಳುವ ಕಂಬ ಬಂತು. ಬೆರಳಿಗೆ ಕಚ್ಚಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಬಂತು. ಒಳಗಿಟ್ಟ ವಸ್ತುವಿನ ಕ್ರಿಮಿಯನ್ನೆಲ್ಲ ಕೊಲ್ಲುತ್ತದೆಂಬ ನೀಲಿ ಬೆಳಕಿನ ಪೆಟ್ಟಿಗೆಯೂ ಬಂತು. ಬಂದದ್ದೆಲ್ಲ ಅವನ ಪದ್ಧತಿಯ ಪ್ರಕಾರ ಪರೀಕ್ಷೆಗೆ ಕೂತಿತು. ಪಿಸ್ತೂಲನ್ನು ಕುದಿಯುವ ಟೀ ಪಾತ್ರೆಯ ಹಣೆಗಿಟ್ಟ, ಪಾತ್ರೆಗೆ ವಿಪರೀತ ಜ್ವರ ಬಂತು, ಪಾಸು. ತನ್ನ ಬೆರಳಿಗೆ ದಾರ ಬಿಗಿದು ನೀಲಿಗಟ್ಟಿಸಿ ಆಕ್ಸಿಮೀಟರ್ ಸಿಕ್ಕಿಸಿದ, ಅದು ಗಾಬರಿಯಿಂದ ಕೀಚುಗುಟ್ಟಿತು, ಪಾಸು. ಕಂಬವನ್ನು ತುಳಿದ ರಭಸಕ್ಕೆ ಸ್ಯಾನಿಟೈಸರ್ ನೇರವಾಗಿ ಹೆಂಡತಿಯ ಕನ್ನಡಕಕ್ಕೆ ಹಾರಿತು, ಅದೂ ಪಾಸು. ಪೆಟ್ಟಿಗೆಯದ್ದೇ ತೊಂದರೆ. ಸತ್ತ ಕ್ರಿಮಿಯನ್ನು ಕಣ್ಣಾರೆ ಕಾಣುವ ಹಾಗಿಲ್ಲವಲ್ಲ? ಒಂದು ಜಿರಳೆ ಹಿಡಿದು ಒಳಗಿಟ್ಟ. ಜಿರಳೆ ಮೀಸೆ ಕುಣಿಸುತ್ತ ಹೊರಗೆ ಬಂದು ಅಡುಗೆಮನೆಗೆ ಓಡಿತು.

"ಕ್ರಿಮಿಯಿಂದ ನಾವು ಸಾಯ್ತೀವೋ ಇಲ್ಲವೋ, ನಿಮ್ಮ ಪರೀಕ್ಷೆಯಿಂದ ಖಂಡಿತ ಸಾಯ್ತೀವಿ" ಎಂದು ಹೆಂಡತಿ ಕನ್ನಡಕ ಒರೆಸುತ್ತ ಹೇಳಿದಳು.

ಒಂದು ಬುಧವಾರ ಬೆಳಿಗ್ಗೆ ಕೊನೆಯ ಆಯುಧ ಬಂತು. ಇದಕ್ಕೆ ಪಾರ್ಸೆಲ್ ಬೇಕಿರಲಿಲ್ಲ, ಫೋನಿಗೆ ಇಳಿಸಿಕೊಂಡರೆ ಸಾಕು. ಸೋಂಕಿನ ಲಕ್ಷಣ ಇದ್ದವರ ಫೋನು ಹತ್ತಿರ ಸುಳಿದರೆ ನಮ್ಮ ಫೋನು ಕೂಗಿ ಹೇಳುವ ಆ್ಯಪ್ ಅದು. ಮೊದಲು ಅತ್ತೆಯ ರಕ್ಷಣೆ ಎಂದು ಅವರ ಫೋನನ್ನೇ ಇಸಕೊಂಡ. ಆ್ಯಪ್ ಏನೇನೋ ಪ್ರಶ್ನೆ ಕೇಳಿತು, ಅಣ್ಣ ಏನೇನೋ ಒತ್ತಿ ಬಾರಿಸಿ ನೋಡಿದ. ಅದು ಕೂಗಲಿಲ್ಲ, ಗುಸುಗುಸು ಎನ್ನಲೂ ಇಲ್ಲ. ಧನ್ಯವಾದ ಎಂದು ತೋರಿಸಿ ಸುಮ್ಮನಾಯಿತು. ಇದು ಫೇಲು ಎಂದು ತೀರ್ಮಾನಿಸಿ, ಫೋನನ್ನು ಸದಾ ಸೊಂಟದಲ್ಲಿ ಸಿಕ್ಕಿಸಿಕೊಂಡೇ ಓಡಾಡುವ ಅತ್ತೆಗೆ ಅದನ್ನು ವಾಪಸು ಕೊಟ್ಟು, ಹಾಲಿನ ಪ್ಯಾಕೆಟ್ಟಿಗೆ ಸೋಪು ಹಚ್ಚಲು ಹೋದ. ಆ್ಯಪಿನ ವಿಷಯ ಅಲ್ಲಿಗೇ ಮರೆತುಹೋಯಿತು.

ಶುಕ್ರವಾರ ಅವನ ಕಚೇರಿಯಿಂದ ಆದೇಶ ಬಂತು, ಎಲ್ಲ ನೌಕರರ ಫೋನಿನಲ್ಲೂ ಆ ಆ್ಯಪ್ ಇರಲೇಬೇಕಂತೆ. ಗೊಣಗುತ್ತ ತನ್ನ ಫೋನಿಗೂ ಹಾಕಿಕೊಂಡ. ಈ ಸಲ ಪ್ರಶ್ನೆಗಳನ್ನು ಓದಿ ಉತ್ತರಿಸುವ ತಾಳ್ಮೆಯೂ ಇರಲಿಲ್ಲ, ಎಲ್ಲಕ್ಕೂ ಇಲ್ಲ ಎಂದು ಒತ್ತಿದ. ಒತ್ತಿ ಮುಗಿಸಿದನೋ ಇಲ್ಲವೋ, ಫೋನು ಇಡೀ ಮನೆಗೆ ಕೇಳುವ ಹಾಗೆ ಅರಚಿಕೊಂಡಿತು. ಪರದೆಯೆಲ್ಲ ಕೆಂಪು. "ಎಚ್ಚರಿಕೆ! ಸೋಂಕಿನ ಲಕ್ಷಣ ಇರುವ ವ್ಯಕ್ತಿ ನಿಮ್ಮ ಹತ್ತಿರದಲ್ಲಿದ್ದಾರೆ."

ಅಣ್ಣ ಫೋನನ್ನು ಕೈಯಳತೆ ದೂರಕ್ಕೆ ಹಿಡಿದ. ಹಾಲ್‌ನಲ್ಲಿ ಇದ್ದವರು ಅವನು ಮತ್ತು ಅತ್ತೆ, ಇಬ್ಬರೇ. ಸೋಂಕಿನವನು ಬಾಗಿಲಾಚೆ ಬಂದಿರಬಹುದೆಂದು ಕಿಟಕಿಯಿಂದ ಇಣುಕಿದ, ಬೀದಿ ಖಾಲಿ. ಮೇಲಿನ ಮನೆಯವರೇ ಇರಬೇಕೆಂದು ಚಾವಣಿ ನೋಡಿದ. ಆಮೇಲೆ ಪಾರ್ಸೆಲ್ ತಂದವನ ನೆನಪಾಯಿತು. ಇಕ್ಕಳದಲ್ಲಿ ಪಾರ್ಸೆಲ್ ಹಿಡಿದಿದ್ದೇನೋ ನಿಜ, ಆದರೆ ಆ ಇಕ್ಕಳವನ್ನು ಹಿಡಿದದ್ದು ಬರಿಗೈಯಲ್ಲಿ! ತನಗೆ ತಗುಲಿದೆ, ತನ್ನಿಂದ ಅತ್ತೆಗೆ ತಗುಲುತ್ತದೆ ಎಂದು ಒಂದೇ ಉಸಿರಿಗೆ ಉಗ್ರಾಣಕ್ಕೆ ಓಡಿ, ಏಣಿಯ ಪಕ್ಕ ಕೂತು, ಒಳಗಿನಿಂದ ಚಿಲಕ ಹಾಕಿಕೊಂಡ. ಬಾಗಿಲ ಆಚೆ ಇದ್ದ ಹೆಂಡತಿಗೆ ವಿಡಿಯೋ ಕರೆ ಮಾಡಿ, ಇನ್ನು ಮೇಲೆ ಊಟವನ್ನು ಹೊರಗಿಟ್ಟು ದೂರ ಸರಿಯಬೇಕೆಂದು ಹೇಳಿದ. ಅವಳು ತಟ್ಟೆ ತಂದಿಟ್ಟಾಗ ಫೋನು ಸುಮ್ಮನಿತ್ತು. ಸ್ವಲ್ಪ ಹೊತ್ತಿಗೆ ಅತ್ತೆ ಬಂದು ಬಾಗಿಲು ತಟ್ಟಿ, "ಒಳಗೆ ಗಾಳಿ ಆಡುತ್ತಾ ಅಳಿಯಂದಿರೇ?" ಎಂದು ವಿಚಾರಿಸಿದರು. ಫೋನು ಕಿರುಚಿತು.

ಅತ್ತೆ ಹೋದರು, ನಿಂತಿತು. ನೀರಿನ ಬಾಟಲಿ ಹಿಡಿದು ಮತ್ತೆ ಬಂದರು, ಮತ್ತೆ ಕಿರುಚಿತು.

ಅಲಾರಂ ಅಣ್ಣನಿಗೆ ಈಗ ಹೊಳೆಯಿತು. ಸೋಂಕು ತಗುಲಿದ್ದು ತನಗಲ್ಲ. ಇಷ್ಟು ದಿನ ಯಾರಿಗಾಗಿ ಹಾಲಿನ ಪ್ಯಾಕೆಟ್ಟಿಗೆ ಸ್ನಾನ ಮಾಡಿಸಿದನೋ ಅವರಿಗೇ.

ಚಿಲಕ ತೆಗೆದು ಹೊರಗೆ ಬಂದವನೇ, ಪಿಸ್ತೂಲು ಹಿಡಿದು ಅತ್ತೆಯ ಹಣೆಗಿಟ್ಟ. ಜ್ವರವಿಲ್ಲ. ಬೆರಳಿಗೆ ಆಕ್ಸಿಮೀಟರ್ ಕಚ್ಚಿಸಿದ, ಅಂಕಿ ಚೆನ್ನಾಗಿಯೇ ಇತ್ತು. ಸೋಪಿನ ವಾಸನೆ ತೋರಿಸಿದ, ಅತ್ತೆ ಮೂಸಿ ಇದು ಬಟ್ಟೆ ಸೋಪು ಎಂದರು. ತಾನೇ ಪಾಸು ಮಾಡಿದ ಯಂತ್ರಗಳೆಲ್ಲ ಒಟ್ಟಾಗಿ ಏನೂ ಆಗಿಲ್ಲ ಎನ್ನುತ್ತಿದ್ದರೂ, ತಾನೇ ಫೇಲು ಮಾಡಿದ ಆ್ಯಪನ್ನು ಮಾತ್ರ ಅವನು ನಂಬಿದ. ಗಂಟೆ ಸುಮ್ಮಸುಮ್ಮನೆ ಬಡಿದುಕೊಳ್ಳುವುದಿಲ್ಲ ಎಂಬುದು ಇಷ್ಟು ವರ್ಷ ಅವನ ಹೊಟ್ಟೆ ತುಂಬಿಸಿದ ನಂಬಿಕೆ. ಆರೋಗ್ಯ ಕೇಂದ್ರಕ್ಕೆ ವಿಡಿಯೋ ಕರೆ ಮಾಡಿದ.

ಪರದೆಯ ಮೇಲೆ ಒಬ್ಬ ವೈದ್ಯೆ ಬಂದರು. ಮುಖಕ್ಕೆ ಪ್ಲಾಸ್ಟಿಕ್ ಪರದೆ, ಅದರ ಹಿಂದೆ ನಿದ್ದೆಯಿಲ್ಲದ ಕಣ್ಣು. ಅತ್ತೆಯ ಫೋನ್ ನಂಬರು ಹೇಳುತ್ತಿದ್ದಂತೆ ಅವರು ನೆಟ್ಟಗೆ ಕೂತರು. ಎರಡು ದಿನದಿಂದ ಆ ನಂಬರಿಗೆ ಕರೆ ಮಾಡಿ ಮಾಡಿ ಸಾಕಾಗಿದೆ, ಯಾಕೆ ಎತ್ತುತ್ತಿಲ್ಲ ಎಂದು ಗದರಿದರು. ಅದಕ್ಕೆ ಕಾರಣವಿತ್ತು. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಕಂಡವರ ಕರೆಯನ್ನೆಲ್ಲ ಎತ್ತಿ ಎತ್ತಿ ರೋಸಿ, ನಿವೃತ್ತಿಯಾದ ದಿನವೇ ಗೊತ್ತಿಲ್ಲದ ನಂಬರು ಎತ್ತುವುದಿಲ್ಲ ಎಂದು ಪಣ ತೊಟ್ಟಿದ್ದರು.

"ಜ್ವರ, ಕೆಮ್ಮು, ಉಸಿರಾಟದ ತೊಂದರೆ, ವಾಸನೆ ಗೊತ್ತಾಗಲ್ಲ, ಎಲ್ಲಕ್ಕೂ ಹೌದು ಅಂತ ಆ್ಯಪಿನಿಂದ ನಮಗೆ ಬಂದಿದೆ. ವಯಸ್ಸು ನೋಡಿ ಒಂದು ಹಾಸಿಗೆ ತೆಗೆದಿಟ್ಟಿದ್ದೀವಿ. ಗಾಡಿ ಹೊರಟಿದೆ, ಬಟ್ಟೆ ಇಟ್ಟುಕೊಂಡು ರೆಡಿಯಾಗಲಿ" ಎಂದರು ವೈದ್ಯೆ. "ಜೊತೆಗೆ ಯಾರೂ ಬರೋ ಹಾಗಿಲ್ಲ."

ಆ ಕೊನೆಯ ಮಾತು ಮಲಗುವ ಕೋಣೆಗೂ ಕೇಳಿಸಿತು. ಭಿನ್ನರಾಶಿಯ ಮಕ್ಕಳನ್ನು ಅರ್ಧಕ್ಕೇ ಬಿಟ್ಟು ಬಂದ ಹೆಂಡತಿ ತಾಯಿಯ ಚೀಲಕ್ಕೆ ಸೀರೆ ತುಂಬುತ್ತ ಅಳತೊಡಗಿದಳು. ಹೋದವರಲ್ಲಿ ಎಷ್ಟು ಜನ ವಾಪಸು ಬರುತ್ತಾರೆ ಎಂದು ದಿನವೂ ಟಿವಿ ಹೇಳುತ್ತಿತ್ತು. ಅತ್ತೆಯಂಥ ಶ್ವಾಸಕೋಶ ಹೊತ್ತವರ ಗತಿಯನ್ನು ಯಾರೂ ಹೇಳಬೇಕಿರಲಿಲ್ಲ. ದೂರದಲ್ಲಿ ಆಂಬುಲೆನ್ಸಿನ ಸದ್ದು ಕೇಳಿತು. ಈ ಸಲ ಅದು ಮನೆ ದಾಟಿ ಮುಂದೆ ಹೋಗುವುದಿಲ್ಲ ಎಂದು ಅಣ್ಣನಿಗೆ ಗೊತ್ತಿತ್ತು.

ಅತ್ತೆ ಮಾತ್ರ ಕನ್ನಡಕ ಏರಿಸಿಕೊಂಡು, ಅಳಿಯನ ಕೈಯಿಂದ ಫೋನ್ ತೆಗೆದುಕೊಂಡು, ಹಳೆಯ ಆಪರೇಟರ್ ದನಿಯಲ್ಲಿ ಕೇಳಿದರು.

"ಸ್ವಲ್ಪ ಲೈನಿನಲ್ಲಿರಿ ಡಾಕ್ಟರಮ್ಮ. ನಾನು ಹೌದು ಅಂದದ್ದು ಯಾವತ್ತು?"

"ಬುಧವಾರ ಬೆಳಿಗ್ಗೆ."

"ಬುಧವಾರ ಬೆಳಿಗ್ಗೆ ನನ್ನ ಫೋನ್ ನಮ್ಮ ಅಳಿಯಂದಿರ ಕೈಲಿತ್ತು."

ಇಬ್ಬರು ಹೆಂಗಸರು ಎದುರಿನಿಂದ, ಒಬ್ಬರು ಪರದೆಯೊಳಗಿನಿಂದ, ಮೂವರೂ ಅಲಾರಂ ಅಣ್ಣನನ್ನೇ ನೋಡಿದರು. ಅವನಿಗೆ ಆ ಬೆಳಗು ಪೂರ್ತಿ ನೆನಪಾಯಿತು. ಜ್ವರ ಇದೆಯೇ? ಹೌದು. ಕೆಮ್ಮು? ಹೌದು. ಉಸಿರು? ಹೌದು, ಹೌದು, ಇರುವುದೆಲ್ಲ ಹೌದು, ಈಗಾದರೂ ಕೂಗುತ್ತೀಯೋ ಇಲ್ಲವೋ! ಆ ಗಂಟೆ ಬಡಿದುಕೊಳ್ಳುವುದು ಬೇರೆಯವರ ಫೋನಿನಲ್ಲಿ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

"ಅದು ನಾನೇ ಒತ್ತಿದ್ದು" ಎಂದ, ನೆಲ ನೋಡುತ್ತ. "ಕೂಗುತ್ತಾ ಇಲ್ವಾ ಅಂತ ಬಾರಿಸಿ ನೋಡಿದೆ."

ವೈದ್ಯೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಆ ಹಾಸಿಗೆಗೆ ಇಲ್ಲಿ ವರಾಂಡದಲ್ಲಿ ಜನ ಕಾಯ್ತಾ ಕೂತಿದ್ದಾರೆ" ಎಂದಷ್ಟೇ ಹೇಳಿದರು. ಅತ್ತೆಯಿಂದ ಎಲ್ಲ ಇನ್ನೊಮ್ಮೆ ಕೇಳಿ ತಿಳಿದುಕೊಂಡು, ಆಕ್ಸಿಮೀಟರಿನ ಅಂಕಿಯನ್ನು ಪರದೆಗೆ ಹಿಡಿಸಿ ನೋಡಿ, ಗಾಡಿಗೆ ವಾಪಸು ಬರಲು ಹೇಳಿದರು. ಬೀದಿಯ ತುದಿಯವರೆಗೆ ಬಂದಿದ್ದ ಸದ್ದು ಅಲ್ಲೇ ತಿರುಗಿ ಬೇರೆ ಕಡೆ ಓಡಿತು. ಅಣ್ಣ ಇದ್ದಲ್ಲೇ ಕುಸಿದು ಕೂತು, ಮುಖ ಮುಚ್ಚಿಕೊಂಡು ಬಿಕ್ಕಿದ. ಹೆಂಡತಿ ಚೀಲದಿಂದ ಸೀರೆಗಳನ್ನು ಒಂದೊಂದಾಗಿ ಹೊರಗೆ ತೆಗೆಯುತ್ತ, ಪ್ರತಿ ಸೀರೆಗೂ ಒಂದೊಂದು ಮಾತು ಅಂದಳು.

ಅಷ್ಟಕ್ಕೇ ಮುಗಿಯಲಿಲ್ಲ. ಎರಡು ದಿನದಿಂದ ಮೇಲಿನ ಮನೆಯವರು ಮೆಟ್ಟಿಲನ್ನು ಓಡುತ್ತ ಇಳಿಯುವುದೇಕೆ, ಎದುರು ಮನೆಯ ಕಿಟಕಿ ಹಗಲಲ್ಲೂ ಮುಚ್ಚಿರುವುದೇಕೆ, ಹಾಲಿನವನು ಪ್ಯಾಕೆಟ್ಟನ್ನು ಗೇಟಿನಾಚೆಯಿಂದಲೇ ಎಸೆಯುವುದೇಕೆ ಎಂಬುದೆಲ್ಲ ಈಗ ಅರ್ಥವಾಯಿತು. ಅತ್ತೆ ಕಿಟಕಿಯ ಹತ್ತಿರ ಕೂತಾಗಲೆಲ್ಲ ಅವರೆಲ್ಲರ ಫೋನೂ ಬಡಿದುಕೊಂಡಿತ್ತು. ಇಡೀ ಬೀದಿ ಎರಡು ದಿನ ಪ್ರಾಣ ಕೈಯಲ್ಲಿ ಹಿಡಿದು ಬದುಕಿತ್ತು.

"ಅಳಿಯಂದಿರೇ, ನಿಮ್ಮ ಕೆಲಸದಲ್ಲಿ ಗಂಟೆ ಬಾರಿಸೋ ಮುಂಚೆ ಏನೋ ಕೂಗಿ ಹೇಳ್ತೀರಲ್ಲ, ಏನದು?" ಎಂದು ಅತ್ತೆ ಕೇಳಿದರು.

"ಇದು ಬರೀ ಪರೀಕ್ಷೆ, ಯಾರೂ ಓಡಬೇಡಿ ಅಂತ."

"ತಡವಾದರೂ ಪರವಾಗಿಲ್ಲ. ಹೋಗಿ ಹೇಳಿ ಬನ್ನಿ."

ಅಣ್ಣ ಉಗ್ರಾಣಕ್ಕೆ ಹೋಗಿ, ಏಣಿಯ ಹಿಂದೆ ಧೂಳು ಹಿಡಿದು ಬಿದ್ದಿದ್ದ ಮೆಗಾಫೋನ್ ಎತ್ತಿಕೊಂಡು ಬಾಲ್ಕನಿಗೆ ಬಂದ. ಮಾಸ್ಕ್ ಕೆಳಗಿಳಿಸಿದ, ಗಂಟಲು ಸರಿಮಾಡಿಕೊಂಡ. ಬೀದಿಯ ಕಿಟಕಿಗಳು ಒಂದೊಂದಾಗಿ ಬೆರಳಷ್ಟು ತೆರೆದವು. ಸೋಲನ್ನಾದರೂ ಗಾಂಭೀರ್ಯದಿಂದ ಒಪ್ಪಿಕೊಳ್ಳಬೇಕೆಂದು ಎದೆ ತುಂಬ ಉಸಿರೆಳೆದುಕೊಂಡ. ಉಸಿರಿನ ಜೊತೆ ಮೆಗಾಫೋನಿನೊಳಗಿನ ಧೂಳೂ ಎದೆಗಿಳಿಯಿತು.

"ಇದು ಬರೀ ಪ..." ಎಂದವನಿಗೆ ಕೆಮ್ಮು ಹತ್ತಿತು. ಅದೆಂಥ ಕೆಮ್ಮು! ಬ್ಯಾಟರಿ ಪೂರ್ತಿ ಇದ್ದ ಮೆಗಾಫೋನಿನಿಂದ ಅದು ಬೀದಿಯ ಈ ತುದಿಯಿಂದ ಆ ತುದಿಗೆ ಗುಡುಗುತ್ತ ಹೋಯಿತು. ತೆರೆದಿದ್ದ ಕಿಟಕಿಗಳೆಲ್ಲ ಧಡಧಡನೆ ಮುಚ್ಚಿಕೊಂಡವು. ಮೇಲಿನ ಮನೆಯಲ್ಲಿ ಯಾರೋ ಆರೋಗ್ಯ ಕೇಂದ್ರದ ನಂಬರು ಕೂಗಿ ಕೂಗಿ ಕೇಳುತ್ತಿದ್ದರು.

ಅವನು ಕಣ್ಣಲ್ಲಿ ನೀರು ತುಂಬಿಕೊಂಡು ಒಳಗೆ ಬಂದಾಗ ಅತ್ತೆ ಎದ್ದು ನಿಂತಿದ್ದರು. ಆಸ್ಪತ್ರೆಗೆ ಹೊರಡಬೇಕಾಗಿದ್ದಾಗಲೂ ನಡುಗದಿದ್ದ ಅವರ ಕೈ ಈಗ ಆಕ್ಸಿಮೀಟರ್ ಹಿಡಿದು ನಡುಗುತ್ತಿತ್ತು. ಅವನ ಬೆರಳನ್ನು ತಾವೇ ಎಳೆದುಕೊಂಡು, ಅದನ್ನು ಕಚ್ಚಿಸಿ, ಅಂಕಿಯ ಮೇಲಿಂದ ಕಣ್ಣು ತೆಗೆಯದೆ ಕೇಳಿದರು.

"ನಿಜ ಹೇಳಿ ಅಳಿಯಂದಿರೇ. ಈ ಕೆಮ್ಮು ಪರೀಕ್ಷೆಯದ್ದೋ, ನಿಜದ್ದೋ?"