ಉಲ್ಟಾ ಲಾರಿ

"ಕಿತ್ತು ಬಿಸಾಕೇ ಆ ದೀಪಗಳನ್ನ! ಇದು ಲಾರಿನೋ, ಕ್ರಿಸ್‌ಮಸ್ ಮರನೋ?"

"ಕೀಳಲ್ಲ. ಉತ್ತರದ ಕಿರೂನಾ ಊರಿನ ದಾರಿಲಿ, ಕತ್ತಲಲ್ಲಿ ಮೂಸ್ ಜಿಂಕೆ ಅಡ್ಡ ನಿಂತ್ರೆ ನಿನ್ನ ಕಂಪ್ಯೂಟರ್ ಬಂದು ಓಡಿಸತ್ತಾ?"

ಹೆನ್ನಿಂಗನ ಮೈಯೆಲ್ಲ ಉರಿಯಿತು. ಕಂಪ್ಯೂಟರಿನೊಳಗೆ ಲಾರಿ ನಿಲ್ಲಿಸಿ, ಗಾಳಿ ಬಿಟ್ಟು, ಆ ಗಾಳಿ ಅದನ್ನು ಎಷ್ಟು ತಡೆಯುತ್ತದೆಂದು ಲೆಕ್ಕ ಹಾಕುವುದೇ ಅವನ ಕಸುಬು. ಒಂದು ವರ್ಷ ತಿಣುಕಿ, ಗಾಳಿ ಜಾರಿಹೋಗುವಂತೆ ಲಾರಿಯ ನೆತ್ತಿಗೊಂದು ಟೋಪಿ ರೂಪಿಸಿದ್ದ. ಇವತ್ತು ಬಾಸ್ ಬೆರ್ತಿಲ್ ಒಪ್ಪಿದರೆ ಹೆನ್ನಿಂಗನಿಗೆ ಮುಖ್ಯಸ್ಥನ ಕುರ್ಚಿ. ಅಂಥ ದಿನವೇ ಪರೀಕ್ಷಾ ಚಾಲಕಿ ಗುನಿಲ್ಲಾ ಟೋಪಿ ಕಿತ್ತೆಸೆದು, ಆ ಜಾಗಕ್ಕೆ ಒಂದು ಸಾಲು ದೀಪ ಬಿಗಿದು ತಂದಿದ್ದಳು!

ಕಾಫಿಯ ಹೊತ್ತು. ಆ ಹೊತ್ತಿಗೆ ಹೆಣವೂ ಎದ್ದು ಕೂತು ಬನ್ನು ಕೇಳುವ ಲಾರಿ ಕಾರ್ಖಾನೆ ಅದು. ಇಡೀ ವಿಭಾಗ ಏಲಕ್ಕಿ ಬನ್ನು ಹಿಡಿದು ಜಗಳದ ಸುತ್ತ ನೆರೆಯಿತು.

"ಸುಮ್ನೆ ಯಾಕಪ್ಪ ಬಾಯಿ ಬಡ್ಕೋತೀಯ? ಲೆಕ್ಕ ಹಾಕು," ಎಂದ ಬೆರ್ತಿಲ್.

"ಹಾಕ್ತೀನಿ! ಇವಳ ಮುಖಕ್ಕೆ ಹೊಡೆದ ಹಾಗೆ ತೋರಿಸ್ತೀನಿ!"

ಕಂಪ್ಯೂಟರು ಊಟದ ತನಕ ಮುದಿ ಬೆಕ್ಕಿನಂತೆ ಗುರುಗುಟ್ಟಿ ಉತ್ತರ ಕೊಟ್ಟಿತು: ಟೋಪಿಯ ಲಾರಿಗಿಂತ ದೀಪದ ಲಾರಿಗೇ ಗಾಳಿಯ ತಡೆ ಕಡಿಮೆ.

"ಬಾಯಿ ಮುಚ್ಕೊಳಪ್ಪ, ನೊಣ ಹೋದೀತು," ಎಂದಳು ಗುನಿಲ್ಲಾ.

ಹೆನ್ನಿಂಗ್ ಹಲ್ಲು ಕಡಿಯುತ್ತ ಲೆಕ್ಕದ ಚಿತ್ರ ತೆರೆದ. ಈವರೆಗೆ ಅಂಕಿ ನೋಡಿದ್ದನೇ ಹೊರತು ಚಿತ್ರ ನೋಡಿರಲಿಲ್ಲ. ಗಾಳಿ ಬಡಿಯುವ ಕಡೆ, ಅಂದರೆ ಲಾರಿಯ ಮೂತಿ, ಕೆಂಪಾಗಬೇಕು. ಕೆಂಪಗಾಗಿದ್ದದ್ದು ಹಿಂಬಾಗಿಲು! ಲಾರಿ ಗಾಳಿಗೆ ಕುಂಡೆ ಕೊಟ್ಟು ನಿಂತಿತ್ತು.

"ತಪ್ಪು! ಲಾರಿ ಉಲ್ಟಾ ನಿಂತಿದೆ! ದೀಪದ ಲೆಕ್ಕ ಸುಳ್ಳು!" ಎಂದು ಕುಣಿದಾಡಿದ.

"ಹೌದಾ? ಟೋಪಿ ಲೆಕ್ಕದಲ್ಲಿ ಹೇಗೆ ನಿಲ್ಸಿದ್ದೆ?" ಬೆರ್ತಿಲ್ ಕೇಳಿದ.

ಹಳೆಯ ಚಿತ್ರ ತೆರೆದರು. ಅಲ್ಲೂ ಹಿಂಬಾಗಿಲೇ ಕೆಂಪು. ಹೆನ್ನಿಂಗನ ಮುಖವೂ.

"ಅಯ್ಯೋ ಪುಣ್ಯಾತ್ಮ! ಒಂದು ವರ್ಷ ರಿವರ್ಸಲ್ಲೇ ಓಡಿಸಿದ್ಯಾ? ನಾನಾಗಿದ್ರೆ ಲೈಸೆನ್ಸ್ ಕಿತ್ಕೋತಿದ್ರು!" ಎಂದಳು ಗುನಿಲ್ಲಾ.

ಬೆರ್ತಿಲ್ ಬನ್ನಿನ ಪುಡಿ ಕೊಡವಿಕೊಂಡ. "ಎರಡೂ ಸುಳ್ಳು ಅಂದ್ಮೇಲೆ ದೀಪನೇ ಇರಲಿ. ಬೆಳಕಾದ್ರೂ ಬರತ್ತೆ."

"ಹಾಳಾಗಿ ಹೋಗಿ ಎಲ್ಲಾ!" ಹೆನ್ನಿಂಗ್ ಕೋಟು ಎಳೆದುಕೊಂಡು ನುಗ್ಗಿ, ಬಾಗಿಲನ್ನು ಭುಜ ಕೊಟ್ಟು ತಳ್ಳಿದ. ಅಲುಗಲಿಲ್ಲ. ಒದ್ದ. ಆಗಲೂ ಅಲುಗಲಿಲ್ಲ.

"ಅದೂ ಉಲ್ಟಾ ಕಣೋ. ಎಳೀಬೇಕು," ಎಂದಳು ಗುನಿಲ್ಲಾ.

ಎಳೆದ. ಹೋದ. ಬೆರ್ತಿಲ್ ಸಂಜೆಯ ತನಕ ಕಾದು, ಅವನ ಪಾಲಿನ ಬನ್ನನ್ನೂ ತಿಂದ. ಹೆನ್ನಿಂಗ್ ಬರಲೇ ಇಲ್ಲ.