ಫಕೀರಪ್ಪ ಕಮ್ಮಾರನ ಮಸಿಹುಡಿ ದಿಗ್ವಿಜಯ

ಈ ಕಥೆಯನ್ನು ಮೊದಲು ಹೇಳಿದವರು ಹುಬ್ಬಳ್ಳಿಯಲ್ಲಿ ಟೋನರ್, ಅಂದರೆ ಜೆರಾಕ್ಸ್ ಯಂತ್ರದ ಮಸಿಹುಡಿ, ತಯಾರಿಸುವ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದ ಚೆನ್ನವ್ವ ಹೊಸಮನಿ. ಹೇಳಿದ್ದು ಕಳೆದ ಕಾರ್ತಿಕದ ಒಂದು ಸಂಜೆ, ಗೇಟಿನ ಹೊರಗಿನ ಕಟ್ಟೆಯ ಮೇಲೆ.

ಕಲಿಯುಗದ ಗರ್ಭದಲ್ಲಿ ಕಾಗದಯುಗವೆಂಬುದೊಂದು ಉದಿಸಿ, ಜೆರಾಕ್ಸ್ ಪ್ರತಿಯಿಲ್ಲದೆ ಮನುಷ್ಯನು ಹುಟ್ಟಲೂ ಸಾಯಲೂ ಅನರ್ಹನಾದ ಆ ಪುಣ್ಯಕಾಲದಲ್ಲಿ, ರಾಳಮರ್ದನನೂ ಇಂಗಾಲಧೂಳಿಧೂಸರಿತಗಾತ್ರನೂ ಗಾಳಿಗಿರಣಿಸಾಮ್ರಾಜ್ಯದ ಏಕಚ್ಛತ್ರಾಧಿಪತಿಯೂ ಆದ ಫಕೀರಪ್ಪ ಕಮ್ಮಾರನು ವಿರಾಜಿಸುತ್ತಿದ್ದನು. ಪ್ಲಾಸ್ಟಿಕ್ ರಾಳ, ಇಂಗಾಲದ ಮಸಿ, ಮೇಣಗಳು ಕಾದ ಯಂತ್ರದಲ್ಲಿ ಕರಗಿ, ಕಣಕದಂತೆ ನಾದಿಸಿಕೊಂಡು, ತಣಿದು ಹಪ್ಪಳದಂತೆ ಮುರಿದು ಬಂದೊಡನೆ, ಅವನ ಗಿರಣಿಯ ಪ್ರಚಂಡಮಾರುತವು ಆ ತುಣುಕುಗಳನ್ನು ಒಂದಕ್ಕೊಂದು ಅಪ್ಪಳಿಸಿ, ಕಣ್ಣಿಗೆ ಕಾಣದ ಕಣಗಳಾಗಿ ಸಂಹರಿಸುತ್ತಿತ್ತು. ಸಂಹಾರಕ್ಕೆ ಸಿಕ್ಕದ ದಪ್ಪಕಣಗಳನ್ನು ಗಾಳಿಯಲ್ಲೇ ತೂರಿ ಬೇರ್ಪಡಿಸುವವನು ಮಹಾರಥಿ ಇಮಾಮಸಾಬ ನದಾಫ.

ಹಿಂದಿನ ಸಲದ ಪುಡಿಯಲ್ಲಿ ದಪ್ಪಕಣ ಸಿಕ್ಕಿದ್ದರಿಂದ ಪರೀಕ್ಷಾಧಿಕಾರಿಣಿ ಭಾಗೀರಥಿ ಮೇಡಂ ಭೀಷಣ ಶಪಥಗೈದಿದ್ದರು: ಈ ಸಲವೂ ಅಚ್ಚು ಕೆಟ್ಟರೆ ಫಕೀರಪ್ಪನಿಗೆ ಗಿರಣಿಯಿಲ್ಲ, ಡಬ್ಬಿಗಳಿಗೆ ಲೇಬಲ್ ಅಂಟಿಸುವ ಕೆಲಸ.

ಗಿರಣಿಯಿಲ್ಲದ ಬಾಳನ್ನು ನೆನೆಯಲಾರದೆ ವೀರನು ಗರ್ಜಿಸಿದನು: "ಈ ಕೈಗೆ ಕರೀಕಲ್ಲ ಕೊಡ್ರಿ, ಹೊಗಿ ಮಾಡಿ ಹಾರಿಸ್ತೀನಿ!" ಪರೀಕ್ಷಾ ಕೋಣೆಗೆ ನುಗ್ಗಿ, ಹೊಸ ಪುಡಿ ತುಂಬಿದ ಕಾರ್ಟ್ರಿಡ್ಜ್ ಡಬ್ಬಿಯನ್ನು ಅಚ್ಚಿನ ಯಂತ್ರಕ್ಕೆ ಹಾಕಲಿದ್ದ ಪರೀಕ್ಷಕರ ಕೈಯಿಂದ ಕಸಿದುಕೊಂಡನು. "ನನ್ನ ಕೂಸು, ತೊಟ್ಟಿಲಕ್ಕ ನಾನ ಹಾಕ್ತೀನಿ."

ಹಾಕಿದನು. ಯಂತ್ರ ಗುಡುಗಿತು. ಕಾಗದ ಹೊರಬಂತು, ಒಂದಕ್ಷರವೂ ಇಲ್ಲದೆ, ಕ್ಷೀರಸಾಗರಧವಳವಾಗಿ.

"ಏ ಇಮಾಮ, ನನ್ನ ಪುಡೀನೆಲ್ಲ ಗಾಳಿಗೆ ತೂರಿ ಖಾಲಿ ಡಬ್ಬಿ ಕೊಟ್ಟೀಯೇನು?"

"ನೀವು ಬೀಸಿದ್ದು ಉಪ್ಪಿಟ್ಟಿನ ರವಾ, ಕಾಕಾ! ಅದು ಡಬ್ಬೀ ಸಂದ್ಯಾಗಿಂದ ಹೆಂಗ ಇಳೀತೈತಿ?"

ದಿಗ್ಗಜಗಳು ಕಿವಿ ಮುಚ್ಚಿಕೊಳ್ಳುವಂತೆ ಕೂಗಾಟ ಬೆಳೆಯಲು, ಮೇಡಂ ಫಕೀರಪ್ಪನ ವರ್ಗಾವಣೆಯ ಆದೇಶವನ್ನು ಬೆರಳಚ್ಚಿಸಿ, ಕೋಪದ ಭರದಲ್ಲಿ ಅದೇ ಯಂತ್ರಕ್ಕೆ ಕಳಿಸಿದರು. ಆ ಘೋರ ಶಾಸನವೂ ಅಷ್ಟೇ ನಿಷ್ಕಳಂಕವಾಗಿ ಹೊರಬಂತು.

ಇಮಾಮಸಾಬನು ಕಾರ್ಟ್ರಿಡ್ಜನ್ನು ಸೆಳೆದು ತಿರುಗಿಸಿ ನೋಡಿದನು. ಅದರ ಬಾಯಿಯ ಅಂಚಿಗೆ ಬೆರಳಿಟ್ಟನು.

"ಕಾಕಾ, ಬಾಯಿಗೆ ಹಚ್ಚಿದ ಪಟ್ಟಿ ಹಂಗ ಐತಲ್ರಿ. ಜಗ್ಗಲೇ ಇಲ್ಲೇನು?"

ಆಯುಷ್ಯವೆಲ್ಲ ಟೋನರ್ ಬೀಸಿದ ಮಹಾಪುರುಷನು ಹೊಸ ಕಾರ್ಟ್ರಿಡ್ಜನ್ನು ಮುಟ್ಟಿದ್ದು ಅಂದೇ ಮೊದಲು. ಪುಡಿ ಹೊರಬೀಳದಂತೆ ಬಾಯಿ ಮುಚ್ಚಿದ್ದ ಬೆರಳಗಲದ ಪ್ಲಾಸ್ಟಿಕ್ ಪಟ್ಟಿಯನ್ನು ಸರ್ರನೆ ಎಳೆದು, ಕೂಸನ್ನು ಮತ್ತೆ ತೊಟ್ಟಿಲಿಗೆ ಹಾಕಿದನು. ಮೇಡಂ ತುಟಿ ಕಚ್ಚಿ ಮತ್ತೆ ಗುಂಡಿ ಒತ್ತಿದರು. ಅವನ ವರ್ಗಾವಣೆಯ ಆದೇಶವೇ ಕಾಡಿಗೆಯಂಥ ಕಪ್ಪಿನಲ್ಲಿ, ಒಂದು ಚುಕ್ಕೆಯೂ ಚೆದುರದೆ ಅವತರಿಸಿತು.

ಗಿರಣಿ ಉಳಿಯಿತು. ಆದೇಶವನ್ನು ಹರಿಯಲು ಮೇಡಂ ಕೈಯೆತ್ತಿದಾಗ ದಿಗ್ವಿಜಯಿಯು ಅಡ್ಡಬಂದನು.

"ಹರೀಬ್ಯಾಡ್ರಿ ಮೇಡಂ. ಅಕ್ಷರ ಎಷ್ಟ್ ಚಂದ ಬಂದಾವ ನೋಡ್ರಿ."

ಚೆನ್ನವ್ವನ ಕಥೆ ಅಲ್ಲಿಗೆ ಮುಗಿಯಿತು. ಕೇಳುತ್ತಿದ್ದವರು ಬಟ್ಟೆ ಕೊಡವಿಕೊಂಡು ಎದ್ದು, ರೊಟ್ಟಿಗೆ ಹೊತ್ತಾಯಿತೆನ್ನುತ್ತ ಮನೆಗೆ ಹೋದರು.