ದೊಡ್ಡಮ್ಮನ ಕರುಳಿನ ನಿವಾಸಿಗಳಿಗೆ, ಸೊನ್ನೆಯ ವಿಷಯವಾಗಿ

ದೊಡ್ಡಮ್ಮನ ದೊಡ್ಡ ಕರುಳಿನಲ್ಲಿ ಸುಖವಾಗಿ ನೆಲೆಸಿರುವ ಮಾನ್ಯ ಜಂತುಹುಳುಗಳೇ,

ಮೊದಲಿಗೆ ತಮ್ಮೆಲ್ಲರಿಗೂ, ಅಂದರೆ ಹಿರಿಯರಿಗೂ, ಮೊಟ್ಟೆಗಳಿಗೂ, ಕರುಳಿನ ಗೋಡೆಯೊಳಗೆ ಮುದುಡಿ ಮಲಗಿರುವ ಮರಿಗಳಿಗೂ, ಪಶುವೈದ್ಯ ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿನಿಯಾದ ನನ್ನ ವಿನಯಪೂರ್ವಕ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಂಬುವುದೇನು, ನಿನ್ನೆ ಮಧ್ಯಾಹ್ನ ಮೈಕ್ರೋಸ್ಕೋಪಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಇಲ್ಲಿ ನಾನು ಮಾತ್ರ ಕ್ಷೇಮವಾಗಿಲ್ಲ. ಅದಕ್ಕೆ ಕಾರಣರಾದವರ ಮೇಲೆ ದೂರು ಕೊಡೋಣವೆಂದರೆ, ಮನುಷ್ಯರ ಪೈಕಿ ಎಲ್ಲರೂ ಒಂದಲ್ಲ ಒಂದು ರೀತಿಯಲ್ಲಿ ನನ್ನ ಇಂಟರ್ನಲ್ಸ್ ಮಾರ್ಕ್ಸಿಗೆ ಸಂಬಂಧಪಟ್ಟವರೇ ಆಗಿರುವುದರಿಂದ, ನನ್ನನ್ನು ಫೇಲು ಮಾಡುವ ಅಧಿಕಾರವಿಲ್ಲದ ತಮಗೆ ಈ ಪತ್ರ ಬರೆದು ಹಾಸ್ಟೆಲ್ಲಿನ ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದೇನೆ.

ತಮ್ಮ ಮನೆಯೊಡತಿ ಯಾರೆಂದು ಬೋರ್ಡಿನ ಮುಂದೆ ನಿಂತು ಓದುವವರಿಗೆ ಗೊತ್ತಿಲ್ಲದಿರಬಹುದು. ನಮ್ಮ ಕಾಲೇಜಿನ ಲಾಯದಲ್ಲಿರುವ ಆರು ಕುದುರೆಗಳಲ್ಲಿ ಎಲ್ಲಕ್ಕಿಂತ ಹಿರಿಯಳು, ಇಪ್ಪತ್ತೆರಡು ವರ್ಷದ ಕಂದು ಹೆಣ್ಣುಕುದುರೆ. ಲಾಯವನ್ನೂ ಪಕ್ಕದ ದನದ ಕೊಟ್ಟಿಗೆಯನ್ನೂ ಒಬ್ಬರೇ ನೋಡಿಕೊಳ್ಳುವ, ನಾವೆಲ್ಲ ಲಾಯದ ಮಾಮ ಎಂದು ಕರೆಯುವ ಹಿರಿಯರು ಆಕೆಗೆ ದೊಡ್ಡಮ್ಮ ಎಂದು ಹೆಸರಿಟ್ಟಿದ್ದಾರೆ. ನಮ್ಮ ಪ್ರೊಫೆಸರ್ ಮೇಡಂ ಅವರದು ಒಂದು ಸಂಶೋಧನೆ. ಎಲ್ಲ ಕುದುರೆಗೂ ಕ್ಯಾಲೆಂಡರ್ ನೋಡಿಕೊಂಡು ಜಂತಿನ ಔಷಧಿ ಕುಡಿಸುತ್ತ ಹೋದರೆ ತಾವು ಅದಕ್ಕೆ ಒಗ್ಗಿಕೊಂಡು, ಕೊನೆಗೆ ಔಷಧಿ ತಮಗೆ ಟಾನಿಕ್ಕಿನಂತಾಗುತ್ತದೆ. ಆದ್ದರಿಂದ ಯಾವ ಕುದುರೆ ತನ್ನ ರೋಗನಿರೋಧಕ ಶಕ್ತಿಯಿಂದಲೇ ತಮ್ಮನ್ನು ಹದ್ದುಬಸ್ತಿನಲ್ಲಿಡುತ್ತದೆ, ಯಾವುದಕ್ಕೆ ಆಗುವುದಿಲ್ಲ ಎಂದು ಮೊದಲು ತಿಳಿಯಬೇಕು. ಅದಕ್ಕಾಗಿ ಕುದುರೆ ಹಾಕಿದ್ದನ್ನು ತೂಗಿ, ಉಪ್ಪುನೀರಿನಲ್ಲಿ ಕದಡಿ, ಸೋಸಿ, ತೇಲಿ ಬಂದ ತಮ್ಮ ಮೊಟ್ಟೆಗಳನ್ನು ಎಣಿಸಿ ಐವತ್ತರಿಂದ ಗುಣಿಸಬೇಕು. ಗ್ರಾಮಿಗೆ ಇನ್ನೂರು ದಾಟಿದರೆ ಔಷಧಿ, ಇಲ್ಲದಿದ್ದರೆ ಇಲ್ಲ. ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಕುದುರೆ. ದೊಡ್ಡಮ್ಮ ಒದೆಯುವುದಿಲ್ಲ ಎಂದು ಅವಳನ್ನು ನನಗೆ ಕೊಟ್ಟರು. ಒದೆಯುವುದಿಲ್ಲ ಎಂಬುದನ್ನು ದೊಡ್ಡಮ್ಮನೇ ಬರೆದುಕೊಟ್ಟಿರಲಿಲ್ಲವಾದ್ದರಿಂದ ನಾನು ಪ್ರಾಜೆಕ್ಟಿನ ಮೊದಲ ಮೂರು ವಾರವೂ ಲಾಯದ ಗೇಟಿನಾಚೆಯೇ ನಿಂತೆ.

ಆರನೆಯ ವಯಸ್ಸಿನಿಂದ ಹಾಸ್ಟೆಲ್ಲಿನಲ್ಲೇ ಬೆಳೆದು, ಇಂಗ್ಲಿಷಿನಲ್ಲೇ ಓದಿ, ಕನ್ನಡವನ್ನು ರಜಾದಿನಗಳಲ್ಲಿ ಮಾತ್ರ ಬಳಸಿದ ನಾನು, ಪ್ರಾಣಿ ಹಾಕಿದ್ದಕ್ಕೆ ನನಗೆ ಗೊತ್ತಿದ್ದ ಒಂದೇ ಒಂದು ಪದವನ್ನು ಗೇಟಿನಾಚೆಯಿಂದ ಲಾಯದ ಮಾಮನಿಗೆ ಬಹಳ ಹೆಮ್ಮೆಯಿಂದ ಹೇಳಿದೆ: ‘ಮಾಮ, ಪ್ರಾಜೆಕ್ಟಿಗೆ ದಿನಾ ಬೆಳಿಗ್ಗೆ ಒಂದು ಡಬ್ಬಿ ಫ್ರೆಶ್ ಸಗಣಿ ಬೇಕು.’ ಅವರು ‘ಅದಕ್ಕೇನಮ್ಮಾ, ಬಕೆಟ್ಟೇ ತಗೋ’ ಎಂದರು. ಅಂದಿನಿಂದ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಗೇಟಿನ ಮೇಲೆ ಬೆಚ್ಚಗಿನ ಡಬ್ಬಿ ಇರುತ್ತಿತ್ತು. ನಾನು ಮೂಗು ಹಿಡಿದುಕೊಂಡು, ಅರ್ಧ ಕಣ್ಣು ಮುಚ್ಚಿಕೊಂಡು ಅದನ್ನು ಲ್ಯಾಬಿಗೆ ಒಯ್ದು, ರೆಕಾರ್ಡ್ ಬುಕ್ಕಿನಲ್ಲಿ ‘ಮೃದು, ಹಸಿರು, ಆರೋಗ್ಯಕರ’ ಎಂದು ಬರೆದು, ಎಣಿಸಲು ಕೂರುತ್ತಿದ್ದೆ. ಸೊನ್ನೆ. ಮರುದಿನ ಸೊನ್ನೆ. ಮೂರು ವಾರ ಸೊನ್ನೆ.

ಮಾನ್ಯರೇ, ಆಗ ತಮ್ಮ ಬಗ್ಗೆ ನನಗೆ ಹುಟ್ಟಿದ ಗೌರವವನ್ನು ಹೇಗೆ ಹೇಳಲಿ! ಕೆಲವು ಮನೆತನದ ಕುರಿಗಳಿಗೆ ಜಂತುಗಳಾದ ತಮ್ಮ ಬಂಧುಗಳನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಬರುತ್ತದೆಂದು, ನಾಯಿಮರಿಗಳು ಮಾತ್ರ ಪಾಪ ಹುಟ್ಟುವಾಗಲೇ ತಾಯಿಯಿಂದ ಹುಳ ಪಡೆದುಕೊಂಡು ಬರುತ್ತವೆಂದು ಓದಿದೆ. ತಾವು ಒಳಗೆ ಸೇರಿದ ಮೇಲೆ ಏನೇನೋ ರಸ ಸುರಿಸಿ, ಮೈಯ ಕಾವಲುಪಡೆಗೆ ‘ನಾವು ನಿಮ್ಮವರೇ, ಸುಮ್ಮನೆ ಕೂತ್ಕೊಳ್ಳಿ’ ಎಂದು ಪುಸಲಾಯಿಸುತ್ತೀರೆಂದೂ ಓದಿದೆ. ನಮ್ಮ ವಾರ್ಡನ್ನರನ್ನು ಅಷ್ಟು ಚೆನ್ನಾಗಿ ಸುಮ್ಮನಿರಿಸುವ ವಿದ್ಯೆ ಸೀನಿಯರ್‌ಗಳಿಗೂ ಸಿದ್ಧಿಸಿಲ್ಲ. ಇಂಥ ಪ್ರವೀಣರನ್ನೇ ಒಬ್ಬ ಮುದುಕಿ ಸೊನ್ನೆಗೆ ಇಳಿಸಿದ್ದಾಳೆಂದರೆ ಅವಳ ರಕ್ತದಲ್ಲೇ ಏನೋ ಇರಬೇಕೆಂದು ತೀರ್ಮಾನಿಸಿ, ನಾಲ್ಕು ಬಣ್ಣದ ಪೆನ್ನುಗಳಲ್ಲಿ ‘ದೊಡ್ಡಮ್ಮನ ಅದ್ಭುತ ರೋಗನಿರೋಧಕ ಶಕ್ತಿ’ ಎಂದು ಸೆಮಿನಾರಿಗೆ ಚಾರ್ಟು ಬರೆದೆ. ಮನೆಗೆ ಫೋನು ಮಾಡಿ ‘ಅಮ್ಮಾ, ನಾನೇನೋ ಕಂಡುಹಿಡಿದಿದೀನಿ’ ಎಂದೆ. ಅಮ್ಮ ‘ಊಟ ಮಾಡಿದ್ಯಾ?’ ಎಂದರು.

ಇತ್ತ ದೊಡ್ಡಮ್ಮ ಸೊರಗುತ್ತಿದ್ದಳು. ಗೇಟಿನಾಚೆಯಿಂದಲೇ ಪಕ್ಕೆಲುಬು ಎಣಿಸಬಹುದಿತ್ತು. ಮೈಯ ಹೊಳಪು ಹೋಯಿತು, ಮೇವಿನ ಮುಂದೆ ನಿಂತು ಯೋಚಿಸುವಳು, ತಿನ್ನಳು. ಲಾಯದ ಮಾಮ ಎರಡು ಸಲ ಮೇಡಂ ಹತ್ತಿರ ಹೋಗಿ ‘ಹುಳದ ಔಷಧಿ ಕುಡಿಸೋಣ ಮೇಡಂ’ ಎಂದು ಕೇಳಿದರು. ಮೇಡಂ ನನ್ನ ರೆಕಾರ್ಡ್ ಬುಕ್ಕು ತೆರೆದು, ಸಾಲಾಗಿ ನಿಂತ ಸೊನ್ನೆಗಳನ್ನು ತೋರಿಸಿ, ‘ಹುಳವೇ ಇಲ್ಲವಲ್ಲಪ್ಪ, ಬೇರೆ ಏನಾದರೂ ಇರಬೇಕು’ ಎಂದು ಹಲ್ಲು ಪರೀಕ್ಷೆ ಮಾಡಿಸಿದರು, ರಕ್ತ ಪರೀಕ್ಷೆ ಮಾಡಿಸಿದರು. ಅಷ್ಟೂ ದಿನ ತಾವು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಒಳಗೇ ಕುಳಿತು, ಹೊರಗೆ ನನ್ನ ಹೆಸರಿನಲ್ಲಿ ಆಗುತ್ತಿದ್ದ ಈ ಅನಾಹುತವನ್ನು ಕೇಳಿಸಿಕೊಂಡೂ ಕೆಮ್ಮಲಿಲ್ಲ. ನನ್ನ ಮುಖ್ಯ ದೂರು ಇದೇ. ಒಬ್ಬರಾದರೂ ಹೊರಗೆ ಬಂದು ‘ಹುಡುಗಿ, ನೀನು ನೋಡುತ್ತಿರುವ ಡಬ್ಬಿ ನಮ್ಮ ಮನೆಯದಲ್ಲ’ ಎಂದಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು?

ಆ ಪರೀಕ್ಷೆಗಳಲ್ಲೂ ಏನೂ ಸಿಗದೆ, ಮೊನ್ನೆ ಮೇಡಂ ನನ್ನನ್ನು ಕರೆದುಕೊಂಡು ಗೇಟು ದಾಟಿ ಒಳಗೇ ನಡೆದರು. ನಾವು ನೋಡುತ್ತಿದ್ದಂತೆ ದೊಡ್ಡಮ್ಮ ಬಾಲ ಎತ್ತಿ, ನಮ್ಮೆದುರಿಗೇ ತನ್ನ ಕೆಲಸ ಮುಗಿಸಿದಳು. ನಾನು ಗಾಬರಿಯಿಂದ ‘ಮೇಡಂ, ಇವಳಿಗೆ ಹುಷಾರಿಲ್ಲ, ಇದೇನಿದು ಉಂಡೆ ಉಂಡೆಯಾಗಿದೆ!’ ಎಂದು ಕೂಗಿಬಿಟ್ಟೆ. ಮೇಡಂ ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡು, ಕುದುರೆಯನ್ನಲ್ಲ, ನನ್ನನ್ನು ನೋಡಿದರು. ‘ಮೂರು ವಾರದಿಂದ ಏನಮ್ಮ ನೋಡ್ತಿದ್ದೆ ನೀನು?’ ಎಂದರು. ನಾನು ಲಾಯದ ಮಾಮನನ್ನು ನೋಡಿದೆ. ಅವರು ಸ್ವಲ್ಪವೂ ಅಳುಕದೆ, ‘ಸಗಣಿ ಕೇಳಿದ್ಲು, ಸಗಣಿ ಕೊಟ್ಟೆ ಮೇಡಂ, ನಮ್ಮ ಕಪ್ಪು ಹಸೂದು. ಕುದುರೇದು ಬೇಕಿದ್ರೆ ಲದ್ದಿ ಅಂತ ಕೇಳಬೇಕಿತ್ತಪ್ಪ. ಕುದುರೆ ಎಲ್ಲಾದ್ರೂ ಸಗಣಿ ಹಾಕತ್ತಾ?’ ಎಂದರು. ಆ ಕಪ್ಪು ಹಸುವಿಗೆ ಹೋದ ತಿಂಗಳಷ್ಟೇ ಜಂತಿನ ಔಷಧಿ ಕುಡಿಸಿದ್ದರಂತೆ.

ಹಸುವಿನದು ಸಗಣಿ, ಕುದುರೆಯದು ಲದ್ದಿ, ಕುರಿಯದು ಹಿಕ್ಕೆ ಎಂದು ಇಷ್ಟು ನಾಜೂಕಾಗಿ ವಿಂಗಡಿಸಿಟ್ಟ ಭಾಷೆಯನ್ನು ಏನೆನ್ನಲಿ! ಇಂಗ್ಲಿಷಿನಲ್ಲಿ ಒಂದೇ ಪದದಲ್ಲಿ ಎಲ್ಲ ಪ್ರಾಣಿಯ ಹಿಂಭಾಗವೂ ಮುಗಿದುಹೋಗುತ್ತಿತ್ತು.

ನಿನ್ನೆ ನಾನೇ ದೊಡ್ಡಮ್ಮನ ಹಿಂದೆ ನಿಂತು, ಅಸಲಿ ಲದ್ದಿ ತಂದು ಎಣಿಸಿದೆ. ಇಪ್ಪತ್ತೆಂಟು ಮೊಟ್ಟೆ. ಐವತ್ತರಿಂದ ಗುಣಿಸಿದರೆ ಗ್ರಾಮಿಗೆ ಸಾವಿರದ ನಾನೂರು. ಅಷ್ಟು ಚಂದದ, ತುಂಬಿದ, ಅಂಡಾಕಾರದ ಮೊಟ್ಟೆಗಳನ್ನು ನೋಡಿ ಸಂತೋಷಕ್ಕೆ ‘ಹುಳ ಇದೆ! ಹುಳ ಇದೆ!’ ಎಂದು ಕಾರಿಡಾರಿನಲ್ಲಿ ಓಡಿದ್ದರಿಂದ ಮೆಸ್ಸಿನಲ್ಲಿ ನೂರಾರು ಜನ ಊಟ ಬಿಟ್ಟು ಎದ್ದರು. ಅದಕ್ಕೂ ಪ್ರತ್ಯೇಕ ವಿಚಾರಣೆ ಇದೆ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳು. ಇನ್ನು ಮುಂದೆ ಪ್ರತಿಯೊಂದು ಮೊಟ್ಟೆಯ ಮೇಲೂ ಪ್ರಾಣಿಯ ಹೆಸರು, ವಯಸ್ಸು, ವಿಳಾಸ ಸ್ಪಷ್ಟವಾಗಿ ಕಾಣುವಂತಿರಲಿ. ಎಣಿಸುವಾಗ ಗಾಜಿನ ಮೇಲೆ ಗೆರೆ ಎಳೆದ ಚೌಕದಿಂದ ತೇಲಿ ಪಕ್ಕದ ಚೌಕಕ್ಕೆ ಹೋಗಬೇಡಿ. ಗಾಳಿಗುಳ್ಳೆಗಳ ವೇಷ ಹಾಕಬೇಡಿ. ಮತ್ತು ಕೊನೆಯದಾಗಿ, ಇದನ್ನು ತಮಾಷೆಗೆ ಹೇಳುತ್ತಿಲ್ಲ: ಇಂದು ಬೆಳಿಗ್ಗೆ ದೊಡ್ಡಮ್ಮನಿಗೆ ಔಷಧಿ ಕೊಟ್ಟಿದ್ದಾರೆ. ನನ್ನ ಸೊನ್ನೆಗಳಿಂದ ಅವಳಿಗೆ ಮೂರು ವಾರ ತಡವಾಗಿದೆ. ಔಷಧಿಗೆ ಒಗ್ಗಿಕೊಂಡ ಜಾತಿಯವರು ತಮ್ಮಲ್ಲಿದ್ದರೆ, ಈ ಒಂದು ಸಲ ತಮ್ಮ ಆ ಸಾಮರ್ಥ್ಯವನ್ನು ಪ್ರದರ್ಶಿಸದೆ, ದಯವಿಟ್ಟು, ಗಲಾಟೆಯಿಲ್ಲದೆ ಖಾಲಿ ಮಾಡಿ. ಹದಿನಾಲ್ಕನೆಯ ದಿನ ಮತ್ತೆ ಎಣಿಸುತ್ತೇನೆ. ಮುದುಕಿ ಇಂದು ಸಂಜೆ ಅರ್ಧ ಕಟ್ಟು ಹುಲ್ಲು ತಿಂದಳು. ಅವಳು ತಿನ್ನುವಾಗ ನಾನು ಪಕ್ಕದಲ್ಲೇ, ಗೇಟಿನ ಒಳಗೇ ನಿಂತಿದ್ದೆ.

ಔಷಧಿ ಕೆಲಸ ಮಾಡುವವರೆಗೆ ಮಾತ್ರ
ತಮ್ಮ ವಿಶ್ವಾಸಿ,
ಲದ್ದಿ ವಿಭಾಗದ ಹೊಸ ವಿದ್ಯಾರ್ಥಿನಿ

ತಾ.ಕ.: ಕರುಳಿನ ಗೋಡೆಯೊಳಗೆ ಮಲಗಿರುವ ಮರಿಗಳು ಔಷಧಿಗೆ ಸಿಗದೆ ಎರಡು ವರ್ಷವಾದರೂ ನಿದ್ದೆ ಮಾಡಬಲ್ಲವೆಂದು ಓದಿದ್ದೇನೆ. ನಿಧಾನವಾಗಿ ಏಳಲಿ, ಅವಸರವಿಲ್ಲ. ನಾನು ಇನ್ನೂ ನಾಲ್ಕು ವರ್ಷ ಇದೇ ಕಾಲೇಜಿನಲ್ಲಿರುತ್ತೇನೆ, ಫೇಲಾದರೆ ಐದು. ನಾನು ಪಾಸಾಗುವುದರಲ್ಲೇ ತಮ್ಮ ಹಿತವಿದೆ ಎಂಬುದನ್ನು ಮೇಡಂ ಅವರಿಗೆ ತಾವೇ ಯಾವುದಾದರೂ ರೀತಿಯಲ್ಲಿ ಮನವರಿಕೆ ಮಾಡಿಕೊಡಬೇಕು.